ಪಾಪ ಬಿಟ್ಟುಹೋದ ಬೋರ್ಡು

ನಮ್ಮ ಮನೆಯಲ್ಲಿ ಎರಡು ಕನ್ನಡ ಇದ್ದವು. ಒಂದು ಅಮ್ಮನದು. ನಲ್ಲಿಯ ಸಾಲಿಗೆ, ಸಾರಿನ ಉಪ್ಪಿಗೆ, ನನ್ನನ್ನು ಬೈಯುವುದಕ್ಕೆ ಬಳಕೆಯಾಗುತ್ತಿದ್ದ ಕರಾವಳಿಯ ಕನ್ನಡ. ಇನ್ನೊಂದು ಅಪ್ಪನದು, ಸತ್ಯವೇದದ, ಎಂದರೆ ಬೈಬಲಿನ ಕನ್ನಡ. ವಾರವಿಡೀ ಕಲ್ಯಾಣ ಸ್ಟೇಷನ್ನಿನ ಪಾರ್ಸೆಲ್ ಆಫೀಸಿನಲ್ಲಿ ಮರಾಠಿ, ಹಿಂದಿ ಮಾತಾಡಿ ದಣಿದ ಅಪ್ಪ ಭಾನುವಾರ ಬಂತೆಂದರೆ ‘ಆದಕಾರಣ’, ‘ನಿಮಿತ್ತವಾಗಿ’, ‘ಆತನು’ ಎಂಬ ಮಾತುಗಳನ್ನು ಇಸ್ತ್ರಿ ಮಾಡಿದ ಅಂಗಿಯ ಹಾಗೆ ತೊಟ್ಟುಕೊಳ್ಳುತ್ತಿದ್ದರು. “ಇವರಿಗೆ ಚಾ ಕೊಡ್ಲಿಕ್ಕೂ ಒಬ್ಬ ಪ್ರವಾದಿ ಬರ್ಬೇಕು” ಎಂದು ಅಮ್ಮ ಗೊಣಗುತ್ತಿದ್ದಳು. ಇವೆರಡೂ ಸಾಲದು ಎಂಬಂತೆ ಅವರಿಬ್ಬರೂ ಗುಟ್ಟು ಮಾತಾಡುವಾಗ ತುಳು. ನಾನು ಡೊಂಬಿವಲಿಯಲ್ಲೇ ಹುಟ್ಟಿ ಬೆಳೆದವಳು, ಸಿಟ್ಟು ಬಂದರೆ ಮರಾಠಿ. ಆ ವಯಸ್ಸಿನಲ್ಲಿ ನಾನು ಹೆಚ್ಚಾಗಿ ಮರಾಠಿಯನ್ನೇ ಮಾತಾಡುತ್ತಿದ್ದೆ.

ಡೊಂಬಿವಲಿ ಪೂರ್ವದಲ್ಲಿ ಸಾಲು ಬಾಡಿಗೆ ಮನೆಗಳ ಒಂದು ಚಾಳಿನಲ್ಲಿ ನಮ್ಮದು ಎರಡು ಕೋಣೆಯ ಮನೆ. ಭಾನುವಾರ ಬೆಳಿಗ್ಗೆ ಕಲ್ಯಾಣದ ಮರಾಠಿ ಚರ್ಚಿಗೆ ಹೋಗಿ ಬಂದ ಮೇಲೆ, ಸಂಜೆ ಐದು ಗಂಟೆಗೆ ನಮ್ಮ ಮುಂದಿನ ಕೋಣೆಯಲ್ಲಿ ಕನ್ನಡದ ಕ್ರೈಸ್ತರು ಸೇರುತ್ತಿದ್ದರು. ಹತ್ತು ಹನ್ನೆರಡು ಜನ, ಚಾಪೆ ಹಾಸಿದರೆ ಹಿಡಿಸುವಷ್ಟು. ಪಾದ್ರಿಗಳು ಯಾರೂ ಇರಲಿಲ್ಲ, ಅಪ್ಪನೇ ಉಪದೇಶ ಮಾಡುತ್ತಿದ್ದರು. ಇದನ್ನು ನಾವು ‘ಸಭೆ’ ಎನ್ನುತ್ತಿದ್ದೆವು. ಕನ್ನಡ ಕ್ರೈಸ್ತರ ಬಾಯಲ್ಲಿ ಸಭೆ ಎಂದರೆ ಚರ್ಚು. ಕಟ್ಟಡವಲ್ಲ, ಅದರೊಳಗಿನ ಜನ. ‘ಅವರು ನಮ್ಮ ಸಭೆಯವರು’ ಎಂದರೆ ಅವರ ಮನೆಯ ಬಾಣಂತನ, ಮದುವೆ, ಸಾವು ಎಲ್ಲವೂ ನಮ್ಮದೇ ಎಂದು ಅರ್ಥ. ಉಳಿದ ಕನ್ನಡಿಗರಿಗೆ ಸಭೆ ಎಂದರೆ ಮೈಕು, ಹಾರ, ಅಧ್ಯಕ್ಷರ ಭಾಷಣ ಎಂಬುದು ನಮಗೆ ಗೊತ್ತಿಲ್ಲದೆ ಇರಲಿಲ್ಲ. ಆದರೆ ಬೇಕಾದ ಹೊತ್ತಿಗೆ ಅದು ಯಾರಿಗೂ ಹೊಳೆಯಲಿಲ್ಲ.

ಅದು ತುರ್ತು ಪರಿಸ್ಥಿತಿಯ ಎರಡನೆಯ ಮಳೆಗಾಲ. ಅಪ್ಪನಿಗೆ ಆ ಕಾಲ ಒಳಗೊಳಗೇ ಇಷ್ಟವಾಗಿತ್ತು ಎಂದು ಹೇಳದೆ ಹೋದರೆ ಸುಳ್ಳಾಗುತ್ತದೆ. ಲೋಕಲ್ ಟ್ರೇನುಗಳು ಟೈಮಿಗೆ ಸರಿಯಾಗಿ ಬರುತ್ತಿದ್ದವು. ರೈಲ್ವೆಯಲ್ಲಿ ತಲೆ ಬೆಳ್ಳಗೆ ಮಾಡಿಕೊಂಡವರಿಗೆ ಅದಕ್ಕಿಂತ ದೊಡ್ಡ ಸಂತೋಷ ಬೇರೆ ಯಾವುದು? ಪ್ಲಾಟ್‌ಫಾರ್ಮಿನಲ್ಲಿ ನಿಂತು ಕೈಗಡಿಯಾರ ನೋಡಿಕೊಂಡು, ಟ್ರೇನು ಒಳಗೆ ಬಂದ ಕೂಡಲೇ ತಾವೇ ಅದನ್ನು ಕರೆಸಿದವರಂತೆ ತಲೆಯಾಡಿಸುತ್ತಿದ್ದರು. ನಾನು ಠಾಣೆಯ ಒಂದು ಕಾರ್ಖಾನೆಯ ಆಫೀಸಿನಲ್ಲಿ ಟೈಪಿಸ್ಟ್. ಇಪ್ಪತ್ತೆರಡು ವರ್ಷ, ಮೂಗಿನ ತುದಿಯಲ್ಲೇ ಕೋಪ. ಟ್ರೇನು ಟೈಮಿಗೆ ಬಂದರೆ ನನಗೂ ಅನುಕೂಲವೇ. ಆದರೆ ಪತ್ರಿಕೆಯಲ್ಲಿ ಸುದ್ದಿ ಇರಬೇಕಾದ ಜಾಗದಲ್ಲಿ ಭಾಷಣಗಳೇ ತುಂಬಿರುವುದು, ಕಾರ್ಖಾನೆಯ ಗೇಟಿನಲ್ಲಿ ನಿನ್ನೆ ಕಂಡವರು ಇಂದು ಕಾಣದೆ ಹೋಗುವುದು, ಅದನ್ನು ಯಾರೂ ಗಟ್ಟಿಯಾಗಿ ಕೇಳದಿರುವುದು ನನ್ನ ಮೈ ಉರಿಸುತ್ತಿತ್ತು.

ಪ್ರತಿ ಸಭೆಯಲ್ಲಿ ವಿಜ್ಞಾಪನೆ ಎಂಬ ಒಂದು ಭಾಗವಿರುತ್ತದೆ. ಕಾಯಿಲೆಯವರಿಗಾಗಿ, ಪ್ರಯಾಣದಲ್ಲಿರುವವರಿಗಾಗಿ, ದೇಶವನ್ನು ಆಳುವವರಿಗಾಗಿ ದೇವರಲ್ಲಿ ಬೇಡಿಕೊಳ್ಳುವುದು. ಆಳುವವರ ಭಾಗ ಬಂದಾಗ ಅಪ್ಪನ ದನಿ ತುಸು ದಪ್ಪಗಾಗುತ್ತಿತ್ತು. ಒಂದು ಭಾನುವಾರ ಎಲ್ಲರೂ ಹೋದ ಮೇಲೆ ನಾನು ಕೇಳಿಯೇ ಬಿಟ್ಟೆ.

“ಅಪ್ಪ, ಕುರ್ಚಿಯಲ್ಲಿ ಕೂತವರಿಗೆ ಪ್ರಾರ್ಥನೆ ಉಂಟು. ಅವರು ಜೈಲಿಗೆ ಹಾಕಿದವರಿಗೆ ಇಲ್ವಾ?”

“ನಾವು ಎಷ್ಟು ಜನ ಇದ್ದೇವೆ ಮಗಾ? ಒಂದು ಚಾಪೆಗೆ ಆಗುವಷ್ಟು. ಸರ್ಕಾರ ನಮ್ಮನ್ನು ನಮ್ಮ ಪಾಡಿಗೆ ಬಿಟ್ಟಿದೆ. ನಾವೂ ನಮ್ಮ ಪಾಡಿಗೆ ಇರುವ.”

ಅದೇ ಅಪ್ಪನ ರಾಜಕೀಯ. ಅವರ ಪ್ರಕಾರ ಒಳ್ಳೆಯ ದೇಶವೆಂದರೆ ಕ್ರೈಸ್ತರನ್ನು ಅವರ ಪಾಡಿಗೆ ಬಿಡುವ ದೇಶ, ಒಳ್ಳೆಯ ಕ್ರೈಸ್ತನೆಂದರೆ ತನ್ನ ಪಾಡಿಗೆ ಇರುವ ಕ್ರೈಸ್ತ. ಅವರ ಹೆದರಿಕೆ ನನಗೆ ಈಗ ಅರ್ಥವಾಗುತ್ತದೆ. ಪಿಂಚಣಿಗೆ ನಾಲ್ಕೇ ವರ್ಷ ಬಾಕಿ ಇದ್ದ ಸರ್ಕಾರಿ ನೌಕರ, ಮದುವೆಯಾಗದ ಮಗಳು, ಬಾಡಿಗೆ ಮನೆ. ಆಗ ಮಾತ್ರ ಅರ್ಥವಾಗಿರಲಿಲ್ಲ, ನಾನು ತಟ್ಟೆ ಕುಕ್ಕಿ ಒಳಗೆ ಹೋಗಿದ್ದೆ.

ಗಣಪತಿ ವಿಸರ್ಜನೆ ಮುಗಿದ ವಾರ ಅಪ್ಪನಿಗೆ ಒಂದು ಯೋಚನೆ ಬಂತು. ಡೊಂಬಿವಲಿಯಲ್ಲಿ ಕನ್ನಡದವರು ಹೆಚ್ಚುತ್ತಿದ್ದರು. ಗುಲ್ಬರ್ಗಾ, ಬಿಜಾಪುರ, ರಾಯಚೂರು ಕಡೆಯಿಂದ ಕಟ್ಟಡದ ಕೆಲಸಕ್ಕೆ, ಕಾರ್ಖಾನೆಗಳಲ್ಲಿ ಮೂಟೆ ಹೊರುವ ಕೆಲಸಕ್ಕೆ ಬಂದವರು. ಅವರಲ್ಲಿ ಕ್ರೈಸ್ತರೂ ಇರಬಹುದು, ಇಲ್ಲದಿದ್ದರೂ ಕನ್ನಡದಲ್ಲಿ ನಾಲ್ಕು ಒಳ್ಳೆಯ ಮಾತು ಕೇಳಲು ಬಂದರೆ ಬರಲಿ ಎಂದು ಒಂದು ವಿಶೇಷ ಸಭೆ ಇಟ್ಟರು. ಉಪದೇಶದ ವಿಷಯ: ಪಾಪದ ಬಂಧನದಿಂದ ಬಿಡುಗಡೆ. ಇದನ್ನು ಒಂದು ರಟ್ಟಿನ ಮೇಲೆ ಬರೆದು ಸ್ಟೇಷನ್ ಹತ್ತಿರದ ಉಡುಪಿ ಹೋಟೆಲಿನಲ್ಲಿ ತೂಗುಹಾಕುವುದು, ಕನ್ನಡದ ಜನ ಚಾ ಕುಡಿಯಲು ಬರುವುದು ಅಲ್ಲಿಗೇ. ಅಕ್ಷರ ದುಂಡಗಿದೆ ಎಂಬ ಒಂದೇ ತಪ್ಪಿಗೆ ಬರೆಯುವ ಕೆಲಸ ನನ್ನ ತಲೆಗೆ ಬಂತು.

ನಾನು ಪೆನ್ಸಿಲಿನಲ್ಲಿ ಗೆರೆ ಹಾಕಿ ಶುರುಮಾಡುವಾಗಲೇ ಅಮ್ಮ ಅಡುಗೆಮನೆಯಿಂದ ಇಣುಕಿದಳು.

“ಎಂತ ಅದು, ಪಾಪದ ಅಂತ? ಚಾ ಕುಡಿಲಿಕ್ಕೆ ಬಂದವರನ್ನು ಪಾಪಿಗಳು ಅಂತ ಗೋಡೆ ಮೇಲೆ ಬರೆಯುವುದಾ? ಮರ್ಯಾದೆ ಉಂಟಾ ನಿಮಗೆ?”

ಅಪ್ಪ ವಾದಿಸಿದರು, ಸೋತರು. ‘ಪಾಪದ’ ಹೋಯಿತು. ರಟ್ಟಿನ ಮೇಲ್ಭಾಗದಲ್ಲಿ ನಾನು ಒಂದು ಶಿಲುಬೆ ಬಿಡಿಸಿ, ಕೆಳಗೆ ಯೇಸುವಿನ ಹೆಸರು ಬರೆದಿದ್ದೆ. ಅದನ್ನು ಹೊತ್ತುಕೊಂಡು ಅಪ್ಪನೂ ನಾನೂ ಹೋಟೆಲಿಗೆ ಹೋದೆವು. ಮಾಲೀಕರು ಉಡುಪಿ ಕಡೆಯ ಹಿಂದೂಗಳು, ಅಪ್ಪನ ಹಳೆಯ ಸ್ನೇಹಿತರು. ಇಬ್ಬರೂ ತುಳುವಿನಲ್ಲಿ ಹರಟೆಗೆ ಕೂತರೆ ಗಿರಾಕಿಗಳೇ ಎದ್ದು ನೀರು ತೆಗೆದುಕೊಳ್ಳಬೇಕು. ಅವರು ರಟ್ಟನ್ನು ಕೈಯಳತೆ ದೂರದಲ್ಲಿ ಹಿಡಿದು ನೋಡಿ, ನನಗೂ ಅರ್ಥವಾಗಲೆಂದು ಕನ್ನಡಕ್ಕೆ ಹೊರಳಿದರು.

“ಮಾರಾಯ್ರೆ, ಬೇಜಾರು ಮಾಡ್ಬೇಡಿ. ದೇವರ ಹೆಸರು ಬೇಡ. ಇಲ್ಲಿ ಮುಸಲ್ಮಾನರು ಬರ್ತಾರೆ, ಸರದಾರ್ಜಿ ಬರ್ತಾರೆ, ನಾಳೆ ಇನ್ನೊಬ್ಬರು ಇನ್ನೊಂದು ದೇವರ ಬೋರ್ಡು ತರ್ತಾರೆ. ಪೇಪರಿನಲ್ಲಿ ನೋಡಿದ್ರಾ? ಸಂವಿಧಾನಕ್ಕೆ ಜಾತ್ಯತೀತ ಅಂತ ಶಬ್ದ ಸೇರಿಸ್ತಾರಂತೆ. ನನ್ನ ಹೋಟ್ಲಲ್ಲಿ ಅದು ಮೊದಲಿಂದಲೂ ಉಂಟು.”

ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಗಲ್ಲಾದ ಹಿಂದೆ ಅವರ ಕೃಷ್ಣ ಇದ್ದ ನಿಜ, ಆದರೆ ಅದು ಅವರ ಗೋಡೆ. ಅಪ್ಪ ಒಪ್ಪಿದರು. ನಾನು ಅಲ್ಲೇ ಕೂತು ಬ್ಲೇಡಿನಿಂದ ಶಿಲುಬೆಯನ್ನೂ ಹೆಸರನ್ನೂ ಕೆರೆದೆ. ಕೊನೆಗೆ ಗೋಡೆಗೆ ಏರಿದ ಬೋರ್ಡು ಹೀಗಿತ್ತು: ‘ಕನ್ನಡ ಸಭೆ. ವಿಷಯ: ಬಂಧನದಿಂದ ಬಿಡುಗಡೆ. ಭಾನುವಾರ ಸಂಜೆ ಐದು ಗಂಟೆ. ಸರ್ವರಿಗೂ ಸ್ವಾಗತ.’ ಕೆಳಗೆ ನಮ್ಮ ಚಾಳಿನ ವಿಳಾಸ. ಪಾಪವನ್ನು ಅಮ್ಮ ತೆಗೆಸಿದ್ದಳು, ದೇವರನ್ನು ಹೋಟೆಲಿನವರು ತೆಗೆಸಿದ್ದರು. ಅವೆರಡನ್ನೂ ತೆಗೆದರೆ ಉಳಿಯುವುದು ಬರೀ ರಾಜಕೀಯ ಎಂಬುದು ನಮ್ಮಲ್ಲಿ ಒಬ್ಬರಿಗೂ ತಲೆಗೆ ಹೋಗಲಿಲ್ಲ.

ಶನಿವಾರ ಮಧ್ಯಾಹ್ನ ಹೋಟೆಲಿನ ಮಾಲೀಕರು ಎಂದೂ ಬಾರದವರು ಚಾಳಿನ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ಬಂದರು. ಕಂಕುಳಲ್ಲಿ ನಮ್ಮ ರಟ್ಟು, ಕೈಯಲ್ಲಿ ಕನ್ನಡ ಪತ್ರಿಕೆ. ಪತ್ರಿಕೆಯ ಒಂದು ತಲೆಬರಹದ ಮೇಲೆ ಬೆರಳಿಟ್ಟು ಅಪ್ಪನ ಮುಂದೆ ಹಿಡಿದರು. ಯಾವುದೋ ಊರಿನಲ್ಲಿ ಕಳ್ಳಸಾಗಣೆಯವರ ಬಂಧನ ಎಂದಿತ್ತು.

“ಬಂಧನ ಅಂದ್ರೆ ಎಂತ ಮಾರಾಯ್ರೆ? ಅರೆಸ್ಟು! ಬಂಧನದಿಂದ ಬಿಡುಗಡೆ ಅಂದ್ರೆ? ಅದಕ್ಕೊಂದು ಸಭೆ ಬೇರೆ! ಐದು ಜನ ಸೇರಿದ್ರೆ ಎತ್ತಾಕಿಕೊಂಡು ಹೋಗುವ ಕಾಲ. ಬೆಳಿಗ್ಗೆ ಸಫಾರಿ ಸೂಟು ಹಾಕಿದವ ಒಬ್ಬ, ಸಿಐಡಿಯವನೇ ಇರ್ಬೇಕು, ಇದರ ಮುಂದೆ ನಿಂತು ವಿಳಾಸ ಬರ್ಕೊಂಡು ಹೋಗಿದ್ದಾನೆ.”

ಅಪ್ಪ ರಟ್ಟನ್ನು ಕೈಗೆ ತೆಗೆದುಕೊಂಡು ಓದಿದರು. ಮತ್ತೆ ಓದಿದರು. ಹುಟ್ಟಿದಾಗಿನಿಂದ ಕೇಳಿದ ಮಾತನ್ನು ಮೊದಲ ಸಲ ಬೇರೆಯವರ ಕಿವಿಯಿಂದ ಕೇಳಿಸಿಕೊಂಡವರ ಹಾಗೆ ಅವರ ಮುಖ ಬಿಳಿಚಿತು. ನನಗೆ ತಡೆಯಲಾರದಷ್ಟು ನಗು ಬಂದು ಅಡುಗೆಮನೆಗೆ ಓಡಿದೆ. ಅಮ್ಮ ಅಲ್ಲಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದಳು, ನಗುತ್ತಿದ್ದಳೋ ಅಳುತ್ತಿದ್ದಳೋ ಗೊತ್ತಾಗಲಿಲ್ಲ.

ಸಭೆಯನ್ನು ನಿಲ್ಲಿಸುವಂತಿರಲಿಲ್ಲ. ಫೋನು ಯಾರ ಮನೆಯಲ್ಲೂ ಇಲ್ಲ. ಅಂಬರನಾಥದಿಂದ, ಉಲ್ಹಾಸನಗರದಿಂದ ಬರುವವರು ಬಂದೇ ಬರುತ್ತಾರೆ. ಬರಲಿ, ಹಾಡಿ, ಪ್ರಾರ್ಥಿಸಿ ಹೋಗಲಿ, ಪೊಲೀಸರು ಬಂದರೆ ಸತ್ಯವೇದ ತೋರಿಸುವ ಎಂದು ಅಪ್ಪ ತೀರ್ಮಾನಿಸಿದರು. ಭಾನುವಾರ ಅಮ್ಮ ಸೆಖೆಯಲ್ಲೂ ಕಿಟಕಿಗಳನ್ನು ಮುಚ್ಚಿದಳು. ಗೋಡೆಯ ಮೇಲಿದ್ದ ಯೇಸುವಿನ ಪಟವನ್ನು ಬಾಗಿಲು ತೆರೆದ ಕೂಡಲೇ ಕಾಣುವ ಹಾಗೆ ಎದುರಿಗೆ ತಂದು ನೇತುಹಾಕಿದಳು. ಹಾಡು ಶುರುವಾಗುವ ಹೊತ್ತಿಗೆ ಬಾಗಿಲು ಬಡಿದ ಸದ್ದಾಯಿತು. ಹನ್ನೆರಡು ಜನರ ದನಿ ಒಟ್ಟಿಗೇ ನಿಂತಿತು.

ಪೊಲೀಸರಲ್ಲ. ಒಬ್ಬ ಹೆಂಗಸು. ಮೂವತ್ತರ ಒಳಗಿನ ವಯಸ್ಸು, ತಲೆಯ ಮೇಲೆ ಸೆರಗು, ಕೈಬೆರಳುಗಳ ಸಂದಿನಲ್ಲಿ ತೊಳೆದರೂ ಹೋಗದ ಸಿಮೆಂಟು. ಎಲ್ಲೋ ಕಟ್ಟಡದ ಕೆಲಸದಿಂದ ನೇರ ಬಂದವಳು. ಬಾಗಿಲಲ್ಲಿದ್ದ ನನ್ನನ್ನು ಅವಳು ಮೆಲ್ಲಗೆ ಕೇಳಿದಳು.

“ಹಿಡಕೊಂಡು ಹೋದೋರಿಗಿ ಬಿಡಸೋ ಸಭಾ ಅದ ಅಂತಲ್ರಿ ಅಕ್ಕಾ, ಇದೇ ಮನಿ ಏನ್ರಿ? ನಮ್ಮ ಕಡಿಯವ ಒಬ್ಬಾವ ಹೋಟೆಲ್‌ದಾಗ ಓದಿ ಹೇಳ್ಯಾನ.”

ನಾನು ಅಲ್ಲೇ ಹೇಳಿಬಿಡಬೇಕಿತ್ತು. ಇದು ಆ ಸಭೆಯಲ್ಲ, ತಪ್ಪು ನನ್ನದು, ನನ್ನ ದುಂಡಗಿನ ಅಕ್ಷರದ್ದು ಎಂದು. ಹೇಳಲಿಲ್ಲ. ಪೊಲೀಸರಲ್ಲ ಎಂಬ ಸಮಾಧಾನದಲ್ಲಿ ಅಮ್ಮ ಓಡಿ ಬಂದು “ಬನ್ನಿ ಬನ್ನಿ, ಕೂತ್ಕೊಳ್ಳಿ” ಎಂದು ಅವಳನ್ನು ಚಾಪೆಯ ಮೇಲೆ ಕೂರಿಸಿಯಾಗಿತ್ತು, ಹಾಡು ಮತ್ತೆ ಶುರುವಾಗಿತ್ತು. ಅವಳು ಯೇಸುವಿನ ಪಟ ನೋಡಿ ಕೈಮುಗಿದು, ಹಾಡು ಮುಗಿಯುವವರೆಗೆ ಅಪ್ಪನ ಮುಖವನ್ನೇ ನೋಡುತ್ತ ಕೂತಳು.

ಅಪ್ಪ ಉಪದೇಶಕ್ಕೆ ನಿಂತರು. ಹೊಸಬಳು ಬಂದಿದ್ದಾಳೆಂದು ಅವರಿಗೆ ಒಳಗೇ ಖುಷಿ. ಬಂಧನ ಎಲ್ಲಿಂದ ಬರುತ್ತದೆ ಎಂದು ಕೇಳಿದರು. ಪಾಪದಿಂದ ಬರುತ್ತದೆ ಎಂದು ತಾವೇ ಉತ್ತರ ಕೊಟ್ಟರು. ಯಾರೂ ಯಾರಿಗೂ ಬೇಡಿ ಹಾಕುವುದಿಲ್ಲ, ಪಾಪ ಮಾಡುವವನು ತಾನೇ ತನ್ನ ಕೈಗೆ ಬೇಡಿ ಹಾಕಿಕೊಳ್ಳುತ್ತಾನೆ ಎಂದರು. ಇದು ಅವರು ನೂರು ಸಲ ಹೇಳಿದ ಮಾತು.

“ಯಪ್ಪಾ, ತಡೀರಿ.” ಅವಳು ಎದ್ದು ನಿಂತಿದ್ದಳು. “ನನ್ನ ಗಂಡ ಏನ್ ಪಾಪ ಮಾಡ್ಯಾನ್ರಿ?”

ಅಪ್ಪನಿಗೆ ತಲೆಬುಡ ತಿಳಿಯಲಿಲ್ಲ. “ಯಾರಮ್ಮಾ? ಯಾವ ಗಂಡ?”

“ಚೀಲ ಹೊರ್ತಾನ್ರಿ, ಫ್ಯಾಕ್ಟರಿದಾಗ. ಚೀಲದ ತೂಕ ಕಮ್ಮಿ ಮಾಡ್ರಿ, ಬೆನ್ನು ಹೋಗ್ಲಾಕತ್ತಾವ ಅಂತ ಎಲ್ಲಾರೂ ಗೇಟಿಗಿ ಕುಂತಿದ್ರು. ಅಂವ ಮುಂದ ಕುಂತಿದ್ದ, ಅಷ್ಟೇ. ಹಿಡಕೊಂಡು ಹೋಗಿ ಎರಡು ತಿಂಗಳಾತು. ಎಲ್ಲಿ ಹಾನ ಅಂತ ಯಾರೂ ಹೇಳವಲ್ರು. ಇಲ್ಲಿ ಬಿಡಸೋ ಸಭಾ ಅದ ಅಂದ್ರ ಬಂದೀನಿ. ನೀವು ನೋಡಿದ್ರ ಪಾಪ ಮಾಡ್ಯಾನ ಅಂತೀರಿ.”

ಅಪ್ಪ ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ. ಅಪ್ಪ ಮೆಲ್ಲಗೆ, ಸತ್ಯವೇದದ ಕನ್ನಡವನ್ನು ಬಿಟ್ಟು ಅಮ್ಮನ ಕನ್ನಡದಲ್ಲಿ, ಇದು ಆ ತರದ ಸಭೆ ಅಲ್ಲ ತಾಯಿ, ಇದು ದೇವರ ಸಭೆ, ನಮಗೆ ಆ ವಿಷಯ ಗೊತ್ತಿಲ್ಲ ಎಂದು ಹೇಳಿದರು. ಹಿಂದಿನಿಂದ ಒಬ್ಬರು “ನಮಗೆ ಯಾಕೆ ಬೇಕು ಇದೆಲ್ಲ” ಎಂದು ಪಿಸುಗುಟ್ಟಿದರು. ಹೆಂಗಸು ಸೆರಗು ಸರಿಮಾಡಿಕೊಂಡಳು, ಹೊರಡಲು.

ಆಗ ನನ್ನ ಬಾಯಿ ನನ್ನ ಮಾತು ಕೇಳಲಿಲ್ಲ. “ಹಾಗಾದ್ರೆ ಬೋರ್ಡು ಸುಳ್ಳಾ ಅಪ್ಪ? ಸರ್ವರಿಗೂ ಸ್ವಾಗತ ಅಂತ ಬರೆಸಿದ್ದು ನೀವೇ ಅಲ್ವಾ?” ಎಂದೆ. ತುಂಬಿದ ಸಭೆಯಲ್ಲಿ ಅಪ್ಪನಿಗೆ ಹಾಗೆ ಎದುರು ಮಾತಾಡಿದ್ದು ಅದೇ ಮೊದಲು. ಅಮ್ಮ ನನ್ನ ತೊಡೆಗೆ ಚಿವುಟಿದಳು. ಅಪ್ಪ ಬೈಯಲಿಲ್ಲ. ಸತ್ಯವೇದವನ್ನು ಮುಚ್ಚಿ, ಇವತ್ತಿನ ಉಪದೇಶ ಇಷ್ಟೇ ಎಂದರು. ಆಮೇಲೆ ಆ ಹೆಂಗಸಿಗೆ, “ಹೋಗಬೇಡ ತಾಯಿ, ಚಾ ಕುಡಿ” ಎಂದರು.

ಎಲ್ಲರೂ ಹೋದ ಮೇಲೆ ಅವಳು ಸೆರಗಿನ ಗಂಟು ಬಿಚ್ಚಿ ಗಂಡನ ಗೇಟ್‌ಪಾಸು ತೆಗೆದಳು. ಫೋಟೊದಲ್ಲಿ ದಪ್ಪ ಮೀಸೆಯ, ಹೆದರಿದ ಕಣ್ಣಿನ ಒಬ್ಬ ಮನುಷ್ಯ. ಅಪ್ಪ ಅದನ್ನು ಬಹಳ ಹೊತ್ತು ನೋಡಿದರು. ಪಾರ್ಸೆಲ್ ಆಫೀಸಿನಲ್ಲಿ ಇಪ್ಪತ್ತೈದು ವರ್ಷ ಇಂಥ ಬೆನ್ನುಗಳನ್ನೇ ನೋಡಿದ್ದೇನೆ, ಮುಖ ನೋಡಿರಲಿಲ್ಲ ಎಂದು ಮುಂದೊಂದು ದಿನ ನನ್ನ ಹತ್ತಿರ ಹೇಳಿದರು. ಆ ದಿನ ಹೇಳಿದ್ದು ಇಷ್ಟೇ: “ಬಿಡಿಸುವ ಶಕ್ತಿ ನನಗಿಲ್ಲ. ಎಲ್ಲಿದ್ದಾನೆ ಅಂತ ಕೇಳಬಹುದು.”

“ಅಷ್ಟಾದ್ರ ಸಾಕ್ರಿ ಯಪ್ಪಾ. ಜೀವಂತ ಹಾನೋ ಇಲ್ಲೋ, ಅದು ಗೊತ್ತಾದ್ರ ಸಾಕು.”

ಅರ್ಜಿ ಬರೆಯುವುದರಲ್ಲಿ ಅಪ್ಪ ಹುಲಿ. ರಜೆ, ಪಾಸು, ವರ್ಗಾವಣೆ, ಯಾವುದಕ್ಕಾದರೂ ಚಾಳಿನವರೆಲ್ಲ ಅವರ ಹತ್ತಿರವೇ ಬರುತ್ತಿದ್ದರು. ಅವರು ಹೇಳಿದ ಇಂಗ್ಲಿಷನ್ನು ನಾನು ಮರುದಿನ ಆಫೀಸಿನಲ್ಲಿ, ಊಟದ ಬಿಡುವಿನಲ್ಲಿ, ಯಾರಾದರೂ ಬಂದರೆ ಎಂದು ಬಾಗಿಲ ಕಡೆ ನೋಡುತ್ತ ಟೈಪ್ ಮಾಡಿದೆ. ಸಂಜೆ ಅವಳು ಬಂದು ಹೆಬ್ಬೆಟ್ಟು ಒತ್ತಿದಳು. ಆದರೆ ಹೆಬ್ಬೆಟ್ಟಿನ ಅರ್ಜಿಗೆ ಒಂದು ಕಟ್ಟಳೆಯಿದೆ. ಈ ಗುರುತು ಇವಳದೇ ಎಂದು ಓದುಬರಹ ಬಲ್ಲ ಒಬ್ಬರು ಕೆಳಗೆ ಸಹಿ ಹಾಕಬೇಕು; ಹೆಸರು, ಕೆಲಸ, ವಿಳಾಸ ಸಹಿತ. ಆ ಖಾಲಿ ಗೆರೆ ನಮ್ಮೆಲ್ಲರ ಮುಂದೆ ಬಿದ್ದಿತ್ತು.

“ನಾನು ಹಾಕ್ತೇನೆ” ಎಂದೆ.

“ನಿನ್ನ ಹೆಸರು ಬೇಡ.” ಅಪ್ಪ ಪೆನ್ನಿನ ಮುಚ್ಚಳ ತೆಗೆದರು, ಮತ್ತೆ ಮುಚ್ಚಿದರು. ಎದ್ದು ಹೋಗಿ ನೀರು ಕುಡಿದು ಬಂದರು. ಅಮ್ಮ ಬೇಡ ಎನ್ನುತ್ತಾಳೆ ಎಂದುಕೊಂಡಿದ್ದೆ. ಅವಳು ಬಂದು ಅಪ್ಪನ ಕನ್ನಡಕ ತೆಗೆದು, ಸೆರಗಿನಿಂದ ಒರೆಸಿ, ಮತ್ತೆ ಅವರ ಕೈಗೆ ಕೊಟ್ಟಳು. ಅಪ್ಪ ಸಹಿ ಹಾಕಿದರು. ಹೆಸರಿನ ಕೆಳಗೆ ಹುದ್ದೆಯನ್ನೂ ಪೂರ್ತಿಯಾಗಿ ಬರೆದರು. ಅವರ ಬಗ್ಗೆ ನನಗಿದ್ದ ಸಿಟ್ಟೆಲ್ಲ ಆ ಒಂದು ಗೆರೆಯಲ್ಲಿ ಕರಗಿಹೋಯಿತು.

ಮುಂದಿನ ಮೂರು ಶನಿವಾರ ಅಪ್ಪ ಅರ್ಧ ರಜೆ ಹಾಕಿ ಅವಳ ಜೊತೆ ಕಲ್ಯಾಣ, ಠಾಣೆ ಎಂದು ಕಚೇರಿಯಿಂದ ಕಚೇರಿಗೆ ಅಲೆದರು. ಹೋಟೆಲಿನ ಮಾಲೀಕರು ಪ್ರತಿ ಸಲವೂ ಬಾಳೆಹಣ್ಣಿನ ಬನ್ಸ್ ಕಟ್ಟಿಕೊಟ್ಟು, “ನಾನು ಕೊಟ್ಟದ್ದು ಅಂತ ಎಲ್ಲೂ ಹೇಳ್ಬೇಡಿ” ಎನ್ನುತ್ತಿದ್ದರು. ಎರಡನೆಯ ಶನಿವಾರದ ನಂತರ ಅಪ್ಪನನ್ನು ಅವರ ಮೇಲಧಿಕಾರಿ ಒಳಗೆ ಕರೆದರು. ಅರ್ಜಿಯ ಬಗ್ಗೆ ಒಂದು ಕಾಗದ ಅಲ್ಲಿಗೂ ಮುಟ್ಟಿತ್ತು. ಆ ಹೆಂಗಸಿಗೂ ನಿಮಗೂ ಏನು ಸಂಬಂಧ ಎಂದು ಕೇಳಿದರಂತೆ. ಅಪ್ಪ ಮರಾಠಿಯಲ್ಲಿ, ನಮ್ಮ ಸಭೆಯವಳು ಎಂದರಂತೆ. ಮರಾಠಿಯಲ್ಲೂ ಸಭಾ ಎಂದರೆ ಮೈಕು, ಹಾರವೇ. “ಕಸಲೀ ಸಭಾ?” ಯಾವ ಸಭೆ ಎಂದು ಅಧಿಕಾರಿ ಬೆಚ್ಚಿಬಿದ್ದರು. ಪ್ರತಿ ಭಾನುವಾರ ಸಂಜೆ ಐದಕ್ಕೆ ನಮ್ಮ ಮನೆಯಲ್ಲಿ, ಸಾಹೇಬರೂ ಬನ್ನಿ ಎಂದು ಅಪ್ಪ ಹೇಳಿದರು. ಸಾಹೇಬರು ಸ್ವಲ್ಪ ಹೊತ್ತು ನೋಡಿ, ನಕ್ಕು, ಕಾಗದವನ್ನು ಡ್ರಾಯರಿಗೆ ಹಾಕಿದರು. ಮನೆಗೆ ಬಂದು ಇದನ್ನು ಹೇಳುವಾಗ ಅಪ್ಪ ಹತ್ತು ವರ್ಷ ಚಿಕ್ಕವರಾದಂತೆ ಕಾಣುತ್ತಿದ್ದರು.

ಆ ವಾರದಿಂದ ವಿಜ್ಞಾಪನೆಯಲ್ಲಿ ಆಳುವವರ ನಂತರ ಒಬ್ಬ ಮೂಟೆ ಹೊರುವವನ ಹೆಸರೂ ಸೇರಿತು. ಇಬ್ಬರು ಸಭೆಗೆ ಬರುವುದನ್ನು ಬಿಟ್ಟರು; ಅವರನ್ನು ನಾನು ದೂರುವುದಿಲ್ಲ, ಅವರಿಗೂ ಮ್ಯಾನೇಜರುಗಳಿದ್ದರು. ಉಳಿದವರಲ್ಲಿ ಒಬ್ಬರು ಅವಳಿಗೆ ರೇಷನ್ ಅಂಗಡಿಯಲ್ಲಿ ಸಾಲು ಹಿಡಿದರು. ಜಾತ್ಯತೀತ ಎಂಬ ಪದದ ಬಗ್ಗೆ ನಾನು ಆಮೇಲೆ ಎಷ್ಟೋ ಭಾಷಣ ಕೇಳಿದ್ದೇನೆ. ನಮ್ಮಂಥ ಸಣ್ಣ ಜನ ಅದನ್ನು ಒಂದು ಕೊಡೆಯ ಹಾಗೆ ಹಿಡಿದುಕೊಂಡಿದ್ದೆವು. ನಮ್ಮ ಮೇಲೆ ಮಳೆ ಬೀಳದಿದ್ದರೆ ಆಯಿತು, ಪಕ್ಕದವರು ನೆನೆಯುತ್ತಿದ್ದರೆ ಅದು ಅವರ ಪಾಡು. ಆ ಹೆಂಗಸು ನಮ್ಮ ದೇವರನ್ನು ಕೇಳಿಕೊಂಡು ಬರಲಿಲ್ಲ, ನಾವು ಬರೆದದ್ದನ್ನು ನಂಬಿ ಬಂದಳು. ಅವಳು ನಂಬಿದ ಅರ್ಥವೇ ಸರಿಯಾದ ಅರ್ಥವಿರಬಹುದು ಎಂದು ಅಪ್ಪನಿಗೆ ಅನ್ನಿಸಿತು. ನನಗೆ ಗೊತ್ತಿರುವ ಕ್ರೈಸ್ತ ರಾಜಕೀಯ ಅದೊಂದೇ, ಅದು ನನಗೆ ಸಾಕು.

ಮುಂದಿನದನ್ನು ಮೊದಲೇ ಹೇಳಿಬಿಡುತ್ತೇನೆ, ಓದುವವರು ಹೆದರಬೇಕಾಗಿಲ್ಲ. ಚುನಾವಣೆ ಘೋಷಣೆಯಾದ ಮೇಲೆ ಅವಳ ಗಂಡ ಹೊರಗೆ ಬಂದ. ಅವರಿಬ್ಬರೂ ವಾಶಿಯ ಕಡೆ ಹೊಸ ನಗರ ಕಟ್ಟುವ ಕೆಲಸಕ್ಕೆ ಹೋದರು. ಎಂಬತ್ತರ ದಶಕದಲ್ಲಿ ನಾನು ಮದುವೆಯಾಗಿ ಆ ಕಡೆಗೇ ಹೋದಾಗ ಮೊದಲ ದಿನ ನನ್ನ ಮನೆಗೆ ಹಾಲು ತಂದುಕೊಟ್ಟವಳು ಅವಳೇ. ಅವರು ಕ್ರೈಸ್ತರಾಗಲಿಲ್ಲ. ಅಪ್ಪ ಆ ಮಾತನ್ನು ಎತ್ತಲೂ ಇಲ್ಲ. ಆದರೆ ನನಗೆ ಬಿಡುಗಡೆಯ ದಿನಕ್ಕಿಂತ ಹೆಚ್ಚು ನೆನಪಿರುವುದು ಅದಕ್ಕೂ ಮೊದಲು, ಮೂರನೆಯ ಶನಿವಾರ ಅವನು ಎಲ್ಲಿದ್ದಾನೆಂದು ತಿಳಿದು, ಅದಾಗಿ ಹದಿನೈದು ದಿನಕ್ಕೆ ಭೇಟಿಯ ಅನುಮತಿ ಸಿಕ್ಕಿ, ಅವಳೂ ಅಪ್ಪನೂ ನಾನೂ ಜೈಲಿಗೆ ಹೋದ ದಿನ.

ಭೇಟಿಗೆ ಹತ್ತು ನಿಮಿಷ. ತಂತಿಯ ಜಾಲರಿಯ ಆಚೆ ಅವನು, ಈಚೆ ಅವಳು. ಪಕ್ಕದ ಸ್ಟೂಲಿನ ಮೇಲೆ ಒಬ್ಬ ಕಾವಲಿನವನು, ಮಡಿಲಲ್ಲಿ ದಾಖಲೆ ಬರೆಯುವ ವಹಿ, ಕೈಯಲ್ಲಿ ಪೆನ್ಸಿಲು. ನಾನು ಬಾಗಿಲ ಹತ್ತಿರ ನಿಂತಿದ್ದೆ. ಫೋಟೊದ ಮೀಸೆ ಹೋಗಿತ್ತು, ಕಣ್ಣು ಅದೇ. ಅವಳು ಜಾಲರಿಗೆ ಬೆರಳು ಕೊಟ್ಟು, “ಹ್ಯಾಂಗ ಇದ್ದಿ?” ಎಂದಳು.

“ಏ, ಮರಾಠೀತ ಬೋಲಾ! ನಾಹೀತರ ಹಿಂದೀತ!” ಕಾವಲಿನವನು ಪೆನ್ಸಿಲಿನಿಂದ ವಹಿ ಬಡಿದ. ಮರಾಠಿ, ಇಲ್ಲವಾದರೆ ಹಿಂದಿ. ಆಡುವ ಪ್ರತಿಯೊಂದು ಮಾತೂ ಅವನಿಗೆ ಅರ್ಥವಾಗಬೇಕು, ಅದು ನಿಯಮ.

ಗಂಡ ಹೆಂಡತಿ ಒಬ್ಬರನ್ನೊಬ್ಬರು ನೋಡಿದರು. ಅವರಿಗೆ ಬರುತ್ತಿದ್ದ ಹಿಂದಿಯೆಂದರೆ ಎತ್ತು, ಇಳಿಸು, ಬೇಗ ಬೇಗ. ಅದರಲ್ಲಿ ಹೆಂಡತಿಯನ್ನು ಏನೆಂದು ಮಾತಾಡಿಸುವುದು? ಅಪ್ಪ ಮುಂದೆ ಬಂದು, ಇವರು ಕನ್ನಡದಲ್ಲಿ ಮಾತಾಡಲಿ, ನಾನು ಒಂದೊಂದು ಮಾತನ್ನೂ ಮರಾಠಿಯಲ್ಲಿ ಹೇಳುತ್ತೇನೆ ಎಂದರು. ಕಾವಲಿನವನು ಅವರ ಬಿಳಿ ತಲೆ ನೋಡಿ, ಸರಿ ಎಂದ.

“ಉಣ್ತಿ ಇಲ್ಲೊ?” ಎಂದು ಅವಳು ಕೇಳಿದಳು. ಅಪ್ಪನಿಗೆ ಬರುವುದು ಚರ್ಚಿನ ಮರಾಠಿ. ಭೋಜನ ಸ್ವೀಕರಿಸುತ್ತೀರೋ ಎಂಬ ಧಾಟಿಯಲ್ಲಿ ಹೇಳಿದರು. ಕಾವಲಿನವನ ಮೀಸೆಯಡಿ ನಗು ಬಂತು. “ಉಣ್ತೀನಿ. ಜ್ವಾಳದ ರೊಟ್ಟಿ ಸಿಗಂಗಿಲ್ಲ” ಎಂದ ಗಂಡ. ಅಪ್ಪ ಅದನ್ನೂ ಹೇಳಿದರು. “ಬೆನ್ನು?” ಎಂದಳು. “ಇಲ್ಲಿ ಚೀಲ ಹೊರೂದು ಇಲ್ಲಲ್ಲ, ಕಮ್ಮಿ ಆಗ್ಯಾದ” ಎಂದು ಅವನು ನಕ್ಕ, ಅವಳೂ ನಕ್ಕಳು. ಅಪ್ಪ ಅದನ್ನೂ ಮರಾಠಿಗೆ ತಂದರು.

ಆಮೇಲೆ ಅವಳು ಮುಖವನ್ನು ಜಾಲರಿಯ ಹತ್ತಿರ ತಂದಳು. “ಮಂದಿ ಏನರ ಅನ್ಲಿ. ನಾ ಎಲ್ಲಾರ ಮುಂದ ನಿಂತು ಹೇಳೀನಿ. ನೀ ಏನೂ ಪಾಪ ಮಾಡಿಲ್ಲ.”

ಅಪ್ಪ ಕನ್ನಡಕ ಸರಿಮಾಡಿಕೊಂಡರು. ಕಾವಲಿನವನು ಪೆನ್ಸಿಲು ಎತ್ತಿದ. “ಕಾಯ್ ಮ್ಹಣಾಲೀ ತೀ?” ಏನು ಹೇಳಿದಳು ಅವಳು?

ಅಪ್ಪ ಏನು ಬೇಕಾದರೂ ಹೇಳಬಹುದಿತ್ತು. ಆರೋಗ್ಯ ನೋಡಿಕೊ ಎಂದಳು ಎಂದರೂ ನಡೆಯುತ್ತಿತ್ತು; ಅಲ್ಲಿ ಕನ್ನಡ ಬಲ್ಲವರು ಬೇರೆ ಯಾರೂ ಇರಲಿಲ್ಲ. ಅವರು ನೆಟ್ಟಗೆ ನಿಂತು, ಒಂದೊಂದೇ ಪದವನ್ನು ಬಿಡಿಸಿ, ಇವನು ಯಾವ ಪಾಪವನ್ನೂ ಮಾಡಿಲ್ಲ ಎಂದು ಹೇಳುತ್ತಿದ್ದಾಳೆ ಎಂದರು.

“ಅಸಂ ತೀ ಮ್ಹಣತೇ” ಎಂದ ಕಾವಲಿನವನು. ಹಾಗೆಂದು ಅವಳು ಹೇಳುತ್ತಾಳೆ, ಅಷ್ಟೇ.

“ಮೀ ಪಣ” ಎಂದರು ಅಪ್ಪ. ನಾನೂ ಹೇಳುತ್ತೇನೆ.

ಅಷ್ಟು ಮರಾಠಿ ಅವಳಿಗೂ ಬರುತ್ತಿತ್ತು. ತಿರುಗಿ ಅಪ್ಪನನ್ನು ನೋಡಿದಳು. ಬಾಗಿಲಲ್ಲಿ ನಿಂತಿದ್ದ ನನಗೆ ಅಳು ತಡೆಯಲಾಗಲಿಲ್ಲ. ಕಾವಲಿನವನು ವಹಿಯಲ್ಲಿ ಏನನ್ನೂ ಬರೆಯಲಿಲ್ಲ. ಹತ್ತು ನಿಮಿಷ ಆಗಿಹೋಗಿತ್ತು. ಗೋಡೆಯ ಗಡಿಯಾರ ನೋಡಿ, ಇನ್ನೂ ಐದು ನಿಮಿಷ ಎಂದು ನಮಗೆ ಕಾಣುವಂತೆ ಐದು ಬೆರಳು ಎತ್ತಿ ತೋರಿಸಿದ. ಅವಳು ಗುಡಿಸಲಿನ ಚಾವಣಿ ಸೋರುವ ವಿಷಯ ಶುರುಮಾಡಿದಳು. ಅಪ್ಪ ಅದನ್ನೂ ಒಂದು ಮಾತು ಬಿಡದೆ ಮರಾಠಿಯಲ್ಲಿ ಹೇಳಿದರು.